‘ಆ್ಯಕ್ಟಿವ್’ ಅಂದ್ರೆ ಕೆಲಸ ಮಾಡ್ತಿದೆ ಅಂತಲ್ಲ!

ಮೊನ್ನೆ ಲ್ಯಾಬಲ್ಲಿ ಎರಡು ಸ್ವಿಚ್‌ಗಳ ನಡುವೆ ಬಿಜಿಪಿ ಹಾಕಿದ್ವಿ. ಪರದೆ ಮೇಲೆ ‘ಆ್ಯಕ್ಟಿವ್’ ಅಂತ ಬಂತು. ಖುಷಿಯಲ್ಲಿ ರೆಕಾರ್ಡ್ ಬರೆದು ಸಹಿ ಹಾಕಿಸ್ಕೊಂಡ್ವಿ. ಆಮೇಲೆ ನೋಡಿದ್ರೆ ಒಂದು ರೂಟೂ ಬಂದಿರಲಿಲ್ಲ! ಬಿಜಿಪಿಯಲ್ಲಿ ಆ್ಯಕ್ಟಿವ್ ಅಂದ್ರೆ ಪಕ್ಕದವರನ್ನು ಇನ್ನೂ ಹುಡುಕ್ತಾ ಇದೆ ಅಂತ. ಮಾತುಕತೆ ಕುದುರಿದ ಮೇಲಷ್ಟೇ ‘ಎಸ್ಟಾಬ್ಲಿಷ್ಡ್’.

ಪಿಂಗ್ ಹೋಗ್ತಿತ್ತು. ಟಿಸಿಪಿ 179ನೇ ಪೋರ್ಟನ್ನು ಯಾವ ಎಸಿಎಲ್ಲೂ ತಡೆದಿರಲಿಲ್ಲ. ಕೊನೆಗೆ ಸಿಕ್ಕಿತು: ರಿಮೋಟ್-ಎಎಸ್ 65002 ಅನ್ನೋ ಕಡೆ 65020 ಅಂತ ಹೊಡೆದಿದ್ವಿ. ಆ ಅರ್ಧ ಗಂಟೆಯಲ್ಲಿ ಕಲಿತಷ್ಟನ್ನು ಮ್ಯಾನುಯಲ್ ನೋಡಿ ಟೈಪ್ ಮಾಡ್ತಾ ನಾವು ಯಾವತ್ತೂ ಕಲಿತಿರಲಿಲ್ಲ.

ಇದು ಬರೀ ಮಾರ್ಕ್ಸಿನ ಮಾತಲ್ಲ. 2008ರಲ್ಲಿ ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹಾಕಿದ ಒಂದು /24 ರೂಟ್ ಹೊರಗೆ ಸೋರಿ, ಜಗತ್ತಿನ ಎಷ್ಟೋ ಕಡೆ ಯೂಟ್ಯೂಬೇ ನಿಂತುಹೋಯ್ತು. ಪಕ್ಕದವರು ಹೇಳಿದ್ದನ್ನು ನಂಬೋದು ಬಿಜಿಪಿಯ ಸ್ವಭಾವ. ಪರೀಕ್ಷಿಸಿ ನೋಡೋದು ನಮ್ಮ ಕೆಲಸ.

ಹಾಗಾಗಿ ನಮ್ಮ ಬೇಡಿಕೆ ಒಂದೇ. ಲ್ಯಾಬ್ ಪರೀಕ್ಷೆಯಲ್ಲಿ ಕೆಟ್ಟಿರೋ ಕಾನ್ಫಿಗರೇಷನ್ ಕೊಡಿ, ತಪ್ಪು ಹುಡುಕಿದವರಿಗೆ ಮಾರ್ಕ್ಸ್ ಕೊಡಿ. ಈಗಿನ ಪದ್ಧತಿ ಹೇಗಿದೆ ಅಂದ್ರೆ, ಸಹಿ ಬಿದ್ದ ನಮ್ಮ ರೆಕಾರ್ಡಲ್ಲಿ 65020 ಇನ್ನೂ ಹಾಗೇ ಇದೆ.