ಲೀಟರಿನ ಲೆಕ್ಕ, ಪ್ರಾಣದ ಲೆಕ್ಕ

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನ ಗೃಹಸ್ಥನ ಮೊದಲ ಆಚಾರಗಳಲ್ಲೊಂದು. ಸೋಸಿದ ಮೇಲೆ ಬಟ್ಟೆಯಲ್ಲುಳಿದ ಜೀವಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ನೀರು ಸೇದಿದ ಬಾವಿಗೇ ಅವನ್ನು ಮೆಲ್ಲನೆ ಮರಳಿಸಬೇಕು. ಕಣ್ಣಿಗೆ ಕಾಣದ ಜೀವಿಗೂ ತನ್ನದೊಂದು ಮನೆಯಿದೆಯೆಂಬ ಈ ಎಚ್ಚರ ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ. ಹೊಲದ ಬದುವಿನವರೆಗೆ ಅದು ಬಂದಿದೆಯೇ?

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಸುತ್ತಣ ಸೀಮೆ ಬಹುಪಾಲು ಮಳೆಯಾಶ್ರಿತ. ರಾಗಿ, ಹುರುಳಿ, ತೆಂಗು ಇಲ್ಲಿನ ಬೆಳೆ. ಪಂಚಕೂಟ ಬಸದಿಯ ಕಂಬದಹಳ್ಳಿ ಇದೇ ತಾಲ್ಲೂಕಿನಲ್ಲಿದೆ, ಶ್ರವಣಬೆಳಗೊಳವೂ ದೂರವಲ್ಲ. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳು ಜೇನ್ನೊಣ ಬಾರದೆ ಸರಿಯಾಗಿ ಕಾಳು ಕಟ್ಟದು. ಕೊಳವೆಬಾವಿ ಬಂದಲ್ಲಿ ತರಕಾರಿ ಬಂತು, ತರಕಾರಿಯೊಡನೆ ಸಿಂಪಡಣೆಯೂ ಬಂತು. ಜನರ ಬಾಯಲ್ಲಿ ಅದು ‘ಔಷಧಿ ಹೊಡೆಯುವುದು’. ಯಾರಿಗೆ ಔಷಧಿ ಎಂದು ಕೇಳುವವರು ಕಡಿಮೆ.

ಹೊಡೆದದ್ದೆಷ್ಟು ಎಂಬುದನ್ನು ಲೋಕ ಅಳೆಯುವುದು ತೂಕದಲ್ಲಿ, ಹೆಕ್ಟೇರಿಗೆ ಇಷ್ಟು ಕಿಲೋ ಎಂದು. ಈ ತಕ್ಕಡಿ ಎಷ್ಟು ಮೋಸದ್ದೆಂಬುದನ್ನು ಅಮೆರಿಕದ ಕೃಷಿಯ ಕುರಿತು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1992ರಿಂದ 2016ರ ಅವಧಿಯಲ್ಲಿ ಅಲ್ಲಿ ಕೀಟನಾಶಕದ ತೂಕ ಶೇ 40ಕ್ಕೂ ಹೆಚ್ಚು ಇಳಿದಿತ್ತು. ಆದರೆ ಪರಾಗಸ್ಪರ್ಶ ಮಾಡುವ ಕೀಟಗಳಿಗೂ ನೀರಿನ ಸಣ್ಣ ಜೀವಿಗಳಿಗೂ ತಟ್ಟುವ ವಿಷದ ಹೊರೆ 2005ರಿಂದ 2015ರ ನಡುವೆ ದುಪ್ಪಟ್ಟಿಗೂ ಮೀರಿ ಏರಿತ್ತು. ಕಾರಣ ಸರಳ: ಹೊಸ ವಿಷಗಳಿಗೆ ತೂಕ ಬೇಕಾಗಿಲ್ಲ. ಇಮಿಡಾಕ್ಲೋಪ್ರಿಡ್‌ನ ಕೆಲವೇ ನ್ಯಾನೋಗ್ರಾಂ, ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಬೆರಳೆಣಿಕೆಯಷ್ಟು, ಒಂದು ಜೇನ್ನೊಣಕ್ಕೆ ಸಾಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವೂ ಇದನ್ನು ಹೇಳದು. ಅದು ಇಲಿಯಂಥ ಸಸ್ತನಿಯ ಮೇಲೆ ಅಳೆದ ವಿಷದ ಗುರುತು. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿಕೊಂಡ ಜೀವವೈವಿಧ್ಯ ಚೌಕಟ್ಟು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂದದ್ದು ಕೀಟನಾಶಕದ ತೂಕವನ್ನಲ್ಲ, ಅದರ ಅಪಾಯವನ್ನು.

ಜಿನಾಗಮಕ್ಕೆ ಈ ಅಳತೆ ಹೊಸದಲ್ಲ. ಅಲ್ಲಿ ಜೀವಿಯನ್ನು ಎಣಿಸುವುದೇ ಇಂದ್ರಿಯಗಳಿಂದ, ಪ್ರಾಣಗಳಿಂದ. ಎರೆಹುಳು ಎರಡಿಂದ್ರಿಯದ ಜೀವಿ, ಅದಕ್ಕೆ ಆರು ಪ್ರಾಣಗಳು. ಇರುವೆಗೆ ಮೂರಿಂದ್ರಿಯ, ಏಳು ಪ್ರಾಣ. ಜೇನ್ನೊಣಕ್ಕೆ ನಾಲ್ಕಿಂದ್ರಿಯ, ಎಂಟು ಪ್ರಾಣ. ಹಿಂಸೆಯ ಅಳತೆ ಆಯುಧದ ಭಾರವಲ್ಲ. ಪ್ರಮಾದದಿಂದ ಅಗಲಿದ ಪ್ರಾಣ. ಹಿಪ್ಪುನೇರಳೆಯ ಪಕ್ಕದ ಹೊಲದಲ್ಲಿ ಔಷಧಿ ಹೊಡೆದು ರೇಷ್ಮೆಹುಳು ಸತ್ತರೆ ಜಗಳವಾಗುತ್ತದೆ, ನಷ್ಟದ ಲೆಕ್ಕ ಹುಟ್ಟುತ್ತದೆ, ಏಕೆಂದರೆ ಅದಕ್ಕೆ ಪೇಟೆಯಲ್ಲಿ ಬೆಲೆಯಿದೆ. (ಆ ಹುಳುವಿನ ಕೊನೆಯೇನೆಂದು ಜೈನರಿಗೆ ಹೇಳಬೇಕಿಲ್ಲ.) ಎರೆಹುಳುವಿನ ಪರವಾಗಿ ಪಂಚಾಯಿತಿ ಸೇರಿಸಿದವರಿಲ್ಲ.

ಲೆಕ್ಕ ಇಡದಿದ್ದರೆ ಆಗುವುದೇನೆಂಬುದನ್ನು ಕಾಸರಗೋಡಿನ ಕನ್ನಡ ಗ್ರಾಮಗಳು ಅನುಭವಿಸಿವೆ. ಎಣ್ಮಕಜೆ ಮೊದಲಾದೆಡೆಗಳ ಗುಡ್ಡದ ಮೇಲಣ ಗೇರು ತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಜೇನುಗಳು ನಾಶವಾದವು, ತೋಡುಗಳ ಮೀನು ಸತ್ತವು ಎಂದು ಊರವರು ಹೇಳಿದಾಗ ಕೇಳಿಸಿಕೊಂಡವರು ಕೆಲವರೇ. ಬಳಿಕ ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳು ಕಾಣಿಸಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ 13ರಂದು.

ಹಾಗೆಂದು ರೈತನನ್ನು ಪಾಪಿಯೆಂದು ಕರೆಯುವುದು ಧರ್ಮವಲ್ಲ. ಕೃಷಿಯನ್ನು ಕಲಿಸಿದವನು ಆದಿನಾಥನೇ. ಉಳುಮೆಯಲ್ಲಿ ಸಾಯುವ ಜೀವಗಳದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪದು. ಆದರೆ ಗಿಡದಲ್ಲಿ ಹುಳುವಿದೆಯೇ ಎಂದು ನೋಡದೆ, ನೆರೆಯವನು ಹೊಡೆದನೆಂದು ತಾನೂ ಹೊಡೆಯುವುದು ಆ ಲೆಕ್ಕಕ್ಕೆ ಸೇರದು. ಅದು ಶುದ್ಧ ಪ್ರಮಾದ. ಹುಳುಗಳನ್ನು ಎಣಿಸಿ, ನಷ್ಟದ ಮಟ್ಟ ಮುಟ್ಟಿದರೆ ಮಾತ್ರ ಸಿಂಪಡಿಸಬೇಕು, ಹೂ ಬಿಟ್ಟಾಗ, ಜೇನು ಹಾರುವ ಹೊತ್ತಿನಲ್ಲಿ ಕೂಡದು ಎಂದು ಕೃಷಿ ವಿಜ್ಞಾನಿಗಳು ಹೇಳುವುದೂ ಯತ್ನಾಚಾರವನ್ನೇ.

ಹೊಣೆ ಪಂಪು ಹೊತ್ತವನಲ್ಲಿಗೇ ನಿಲ್ಲದು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಹಿಂಸಾದಾನವೆಂಬ ಅನರ್ಥದಂಡವನ್ನು ವಿವರಿಸುವಾಗ ಇತರರಿಗೆ ಕೊಡಬಾರದ ವಸ್ತುಗಳ ಸಾಲಿನಲ್ಲಿ ವಿಷವನ್ನೂ ಹೆಸರಿಸಿದ್ದಾರೆ. ಬೆಳೆಯನ್ನು ನೋಡದೆಯೇ ಡಬ್ಬಿ ಕೈಗಿಡುವ ಅಂಗಡಿಯವನಿಗೂ, ಗೇಣಿಗೆ ಕೊಟ್ಟ ಭೂಮಿಯಲ್ಲಿ ಏನು ಸುರಿಯುತ್ತಿದ್ದಾರೆಂದು ವಿಚಾರಿಸದ ಒಡೆಯನಿಗೂ ಈ ಮಾತು ಅನ್ವಯಿಸುತ್ತದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಅನೇಕರು ಭೋಗೋಪಭೋಗಗಳಿಗೆ ಪರಿಮಾಣ ಹಾಕಿಕೊಳ್ಳುತ್ತಾರೆ: ಇಷ್ಟೇ ರಸ, ಇಷ್ಟೇ ವಸ್ತ್ರ ಎಂದು. ಹುಚ್ಚೆಳ್ಳು ಹೂವಾಗುವ ದಿನಗಳೂ ಆಗ ಹತ್ತಿರವಾಗಿರುತ್ತವೆ. ಆ ವ್ರತದ ಪಟ್ಟಿಯಲ್ಲಿ ಸಿಂಪಡಣೆಗೂ ಒಂದು ಸಾಲನ್ನು ಸೇರಿಸಬಹುದು: ಈ ವರ್ಷ ಎಷ್ಟು ಬಾರಿ, ಯಾವ ವಿಷ, ಯಾವ ಹೊತ್ತಿನಲ್ಲಿ.