ಪೆಟ್ರೋಲ್ ಬಂಕು ಜಾತಿ ಕೇಳಲ್ಲ, ಪ್ಲಗ್ ಪಾಯಿಂಟ್ ಕೇಳುತ್ತೆ

ಹೋದ ವಾರ ಬೆಂಗಳೂರಲ್ಲಿ ಹವಾಮಾನ ಬದಲಾವಣೆ ಬಗ್ಗೆ ಒಂದು ಸಭೆ ಇತ್ತು. ನನ್ನನ್ನೂ ಕರೆದಿದ್ದರು, "ತಳಸಮುದಾಯದ ದನಿ" ಬೇಕಿತ್ತಂತೆ. ಕೋಲಾರದಿಂದ ನನ್ನ ಹಳೇ ಸ್ಪ್ಲೆಂಡರ್‌ನಲ್ಲೇ ಹೋದೆ. ಊಟದ ಹೊತ್ತಲ್ಲಿ ಒಬ್ಬ ಗೆಳೆಯರು, ಒಳ್ಳೆಯವರೇ, ನಗ್ತಾ ಕೇಳಿದರು: "ಏನ್ ಸಾರ್, ಪರಿಸರದ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡ್ತೀರಿ, ಇನ್ನೂ ಹೊಗೆ ಗಾಡೀನಾ? ಲೆಕ್ಕ ಹಾಕಿ ನೋಡಿ, ಎಲೆಕ್ಟ್ರಿಕ್ಕೇ ಲಾಭ. ನಿಮ್ಮ ಕಡೆ ಜನರ ಮನಸ್ಸು ಬದಲಾಗಬೇಕು ಅಷ್ಟೇ."

ಆಗ ನಕ್ಕು ಸುಮ್ಮನಾದೆ. ಆದರೆ ಈ "ಮನಸ್ಸು ಬದಲಾಗಬೇಕು" ಅನ್ನೋ ಮಾತು ಹೊಸಕೋಟೆ ದಾಟಿದರೂ ತಲೇಲಿ ಕೊರೀತಾನೇ ಇತ್ತು. ಅದಕ್ಕೇ ಈ ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ.

ಅವರ ಲೆಕ್ಕ ಸರಿಯಾಗೇ ಇದೆ, ಅದನ್ನ ಮೊದಲು ಒಪ್ಪಿಕೊಳ್ತೀನಿ. ನೂರು ಕಿಲೋಮೀಟರ್ ಓಡೋಕೆ ನನ್ನ ಗಾಡಿಗೆ ಒಂದೂಮುಕ್ಕಾಲು ಲೀಟರ್ ಬೇಕು. ಲೀಟರಿಗೆ ನೂರು ದಾಟಿದೆ, ಅಂದರೆ 175 ರೂಪಾಯಿ ಮೇಲೇ ಆಯ್ತು. ಎಲೆಕ್ಟ್ರಿಕ್ ಸ್ಕೂಟರಿಗೆ ಅಷ್ಟೇ ದೂರಕ್ಕೆ ಮೂರ್ನಾಲ್ಕು ಯೂನಿಟ್ ಕರೆಂಟು ಸಾಕು, ಮನೆ ಮೀಟರಿನ ದರದಲ್ಲಿ 20–25 ರೂಪಾಯಿ. ಇನ್ನು ಹೊಗೆ ವಿಚಾರ. ಬೆಳಗಾಗೋ ಮುಂಚೆ ಬೆಂಗಳೂರಿನ ರಸ್ತೆ ಗುಡಿಸೋ ಪೌರಕಾರ್ಮಿಕ ಅಕ್ಕಂದಿರು ಯಾರು? ಫ್ಲೈಓವರ್ ಕೆಳಗೆ ಮಲಗೋರು ಯಾರು? ಮೋರಿ ಪಕ್ಕ, ಹೈವೇ ಪಕ್ಕ ಯಾರ ಶೆಡ್ಡುಗಳಿವೆ? ಹೊಗೆ ಯಾರು ಬಿಟ್ಟರೂ ಕುಡಿಯೋರು ಹೆಚ್ಚಾಗಿ ನಮ್ಮವರೇ. ಹಾಗಾಗಿ ಗಾಡಿಗಳು ಕರೆಂಟಿಗೆ ಬದಲಾದರೆ ಮೊದಲು ಖುಷಿಪಡಬೇಕಾದವರೂ ನಾವೇ. ಇದರಲ್ಲಿ ನನಗೆ ತಕರಾರಿಲ್ಲ.

ಆದರೂ 2024–25ರಲ್ಲಿ ದೇಶದಲ್ಲಿ ಮಾರಾಟವಾದ ನೂರು ದ್ವಿಚಕ್ರ ವಾಹನಗಳಲ್ಲಿ ಎಲೆಕ್ಟ್ರಿಕ್ ಇದ್ದದ್ದು ಆರರ ಆಸುಪಾಸು. ಅದರಲ್ಲೂ ಬಹುತೇಕ ಸ್ಕೂಟರುಗಳು, ಬೈಕುಗಳು ಬೆರಳೆಣಿಕೆ. ನಮ್ಮ ಕೇರಿಯಲ್ಲಿ ನಲವತ್ತಕ್ಕೂ ಹೆಚ್ಚು ಗಾಡಿಗಳಿವೆ, ಎಲೆಕ್ಟ್ರಿಕ್ ಇರೋದು ಎರಡು. ನರಸಾಪುರ, ವೇಮಗಲ್ ಕಡೆ ಕಂಪನಿಗಳಿಗೆ ದಿನಾ ಮೂವತ್ತು, ನಲವತ್ತು ಕಿಲೋಮೀಟರ್ ಓಡಾಡೋ ಹುಡುಗರು ಅವರು. ಲೆಕ್ಕ ಬರಲ್ವಾ ಅವರಿಗೆ? ತಿಂಗಳಿಗೆ ಪೆಟ್ರೋಲಿಗೆ ಎಷ್ಟು ಹೋಗುತ್ತೆ ಅಂತ ರೂಪಾಯಿ ಲೆಕ್ಕದಲ್ಲಿ ಹೇಳ್ತಾರೆ.

ಪೆಟ್ರೋಲ್ ಬಂಕಿನಲ್ಲಿ ಏನು ನಡೆಯುತ್ತೆ ಅಂತ ಒಂದ್ಸಲ ಯೋಚನೆ ಮಾಡಿ. ಗಾಡಿ ನಿಲ್ಲಿಸ್ತೀಯ, ಐವತ್ತು ರೂಪಾಯಿ ನೋಟು ಕೊಡ್ತೀಯ, ಐವತ್ತಕ್ಕೆ ಹಾಕ್ತಾರೆ. ಎರಡು ನಿಮಿಷ, ಹೊರಟೆ. ದೊಡ್ಡ ಕಾರಿನವನೂ ಅದೇ ಲೈನಲ್ಲಿ, ಅದೇ ಪೈಪಿನಲ್ಲಿ. ಯಾವೂರು, ಯಾರ ಪೈಕಿ ಅಂತ ಕೇಳೋರಿಲ್ಲ. ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯವನು ಬಾಟಲಿಯಲ್ಲಿಟ್ಟು ಹತ್ತು ರೂಪಾಯಿ ಜಾಸ್ತಿಗೆ ಮಾರ್ತಾನೆ, ಅವನೂ ಕೇಳಲ್ಲ. ನೀರಿನ ತೊಂಬೆ, ಹೋಟೆಲಿನ ಲೋಟ, ಕ್ಷೌರದ ಅಂಗಡಿ, ಗುಡಿ ಬಾಗಿಲು, ಎಲ್ಲದರ ಮುಂದೆಯೂ ನಿಂತು ಬೈಸಿಕೊಂಡು ಬಂದ ಜನಕ್ಕೆ ಪೆಟ್ರೋಲ್ ಬಂಕು ಒಂದು ಅಪರೂಪದ ಜಾಗ ಕಣ್ರೀ. ಇದನ್ನ ಯಾವ ಸರ್ವೆಯೂ ಬರ್ಕೊಳ್ಳಲ್ಲ.

ಚಾರ್ಜಿಂಗ್ ಹಾಗಲ್ಲ. ಅದಕ್ಕೆ ಒಂದು ಗೋಡೆ ಬೇಕು, ಗೋಡೆಗೊಬ್ಬ ಯಜಮಾನ ಇರ್ತಾನೆ. ಆ ಗೋಡೆ ಪಕ್ಕ ಗಂಟೆಗಟ್ಟಲೆ ನಿಲ್ಲಬೇಕು.

ಹೋದ ವರ್ಷ ಬೇಸಿಗೆಯಲ್ಲಿ ನಡೆದದ್ದು ಹೇಳ್ತೀನಿ. ನಮ್ಮ ಚಿಕ್ಕಪ್ಪನ ಮಗ ಸಾಲ ಮಾಡಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದ. ಅದರಲ್ಲೇ ಇಬ್ಬರೂ ಪಕ್ಕದ ತಾಲ್ಲೂಕಿನ ಒಂದು ಹಳ್ಳಿಗೆ ಬಗರ್‌ಹುಕುಂ ಜಮೀನಿನ ತಕರಾರು ನೋಡೋಕೆ ಹೋಗಿದ್ವಿ. ಇಬ್ಬರ ಭಾರ, ದಿಣ್ಣೆ ರಸ್ತೆ, ವಾಪಸ್ ಬರೋವಾಗ ಮೀಟರ್ 9 ಪರ್ಸೆಂಟ್ ತೋರಿಸ್ತಾ ಇತ್ತು. ದಾರೀಲಿ ಒಂದು ಊರು, ಹಾಲಿನ ಡೈರಿ ತೆರೆದಿತ್ತು. ಒಳಗೆ ಹಾಲು ಟೆಸ್ಟ್ ಮಾಡೋ ಮಿಷನ್ ಪಕ್ಕದಲ್ಲೇ ಪ್ಲಗ್ಗು.

"ಅಣ್ಣಾ, ಅರ್ಧ ಗಂಟೆ ಚಾರ್ಜಿಗೆ ಹಾಕ್ಕೋಬೋದಾ? ದುಡ್ಡು ಕೊಡ್ತೀವಿ."

"ಯಾವೂರು?"

ಹೇಳಿದೆ.

"ಅಲ್ಲಿ ಯಾರ ಮನೆ? ಊರೊಳಗಾ, ಆಚೆ ಕಡೇನಾ?"

ಅದನ್ನೂ ಹೇಳಿದೆ. ನಾನು ಮುಚ್ಚಿಡೋನಲ್ಲ.

"ಕರೆಂಟಿಲ್ಲಪ್ಪ" ಅಂದ. ಅವನ ತಲೆ ಮೇಲೆ ಫ್ಯಾನು ತಿರುಗ್ತಾ ಇತ್ತು.

ತಮ್ಮ ಕುದ್ದುಹೋದ. ಅಟ್ರಾಸಿಟಿ ಕೇಸು ಹಾಕೋಣ ಅಣ್ಣಾ ಅಂದ. ಏನಂತ ಹಾಕೋದು? ಬೈದಿಲ್ಲ, ಹೊಡೆದಿಲ್ಲ, ಜಾತಿ ಹೆಸರು ಬಾಯಿಗೆ ತಂದಿಲ್ಲ. ಫ್ಯಾನು ಬಂದು ಸಾಕ್ಷಿ ಹೇಳುತ್ತಾ? ಅಲ್ಲಿಂದ ಗಾಡಿ ತಳ್ಕೊಂಡು ಆ ಊರಿನ ಕೇರಿಗೇ ಹೋದ್ವಿ. ಮೊದಲ ಮನೆಯಲ್ಲೇ ಒಬ್ಬ ಅಜ್ಜಿ, "ಬರ್ರಪ್ಪ, ಅದಕ್ಕೇನು" ಅಂತ ಕಿಟಕಿಯಿಂದ ವೈರ್ ಎಳೆದುಕೊಟ್ಟಳು. ಮನೆಗಿರೋದು ಒಂದೇ ಪ್ಲಗ್ಗು. ಸೀರಿಯಲ್ ನೋಡ್ತಿದ್ದೋಳು ಟಿವಿ ಪಿನ್ ಕಿತ್ತು ನಮಗೆ ಬಿಟ್ಟುಕೊಟ್ಟಳು. ಚಾರ್ಜರ್ ಹಾಕಿದ ಕೂಡಲೇ ಬಲ್ಬು ಮಂಕಾಯ್ತು. ಎರಡು ಗಂಟೆ ಕೂತ್ವಿ, ಟೀ ಕೊಟ್ಟಳು, ಊರಿನ ಸಮಸ್ತ ವಿಚಾರ ಹೇಳಿದಳು. ಐವತ್ತು ರೂಪಾಯಿ ಕೊಡೋಕೆ ಹೋದರೆ, "ಕರೆಂಟೇನು ನಮ್ಮಪ್ಪಂದಾ?" ಅಂತ ಕೈ ತಳ್ಳಿದಳು.

ಆ ಡೈರಿಯವನೊಬ್ಬ ಕೆಟ್ಟವನು, ಅಷ್ಟಕ್ಕೆಲ್ಲ ಜಾತಿ ತರಬೇಡಿ ಅಂತ ಕಾಮೆಂಟ್ ಹಾಕೋರಿಗೆ: ಇದೇ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ನಮ್ಮ ಹುಡುಗನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದ್ದಕ್ಕೆ ಆ ಕುಟುಂಬಕ್ಕೆ 60 ಸಾವಿರ ದಂಡ ಹಾಕಿದ್ದರು. ಕೋಲಿಗೇ 60 ಸಾವಿರ. ಪ್ಲಗ್ಗಿಗೆ ಎಷ್ಟು ಅಂತ ಇನ್ನೂ ಯಾರೂ ರೇಟ್ ಫಿಕ್ಸ್ ಮಾಡಿಲ್ಲ ಅಷ್ಟೇ.

ಮನೇಲೇ ಚಾರ್ಜ್ ಮಾಡ್ಕೊಳ್ಳಿ ಅಂತೀರಿ. ಸರಿ. ನಮ್ಮ ಎಷ್ಟೋ ಮನೆಗಳಿಗೆ ಕರೆಂಟ್ ಬಂದದ್ದು ಭಾಗ್ಯಜ್ಯೋತಿಯಲ್ಲಿ, ಒಂದು ಬಲ್ಬಿನ ಲೆಕ್ಕಕ್ಕೆ ಎಳೆದ ವೈರು. ಅರ್ತಿಂಗ್ ಇರಲ್ಲ. ಅದಕ್ಕೆ ರಾತ್ರಿಯಿಡೀ ಚಾರ್ಜರ್ ಸಿಕ್ಕಿಸಿ ಮಕ್ಕಳನ್ನ ಪಕ್ಕದಲ್ಲಿ ಮಲಗಿಸೋಕೆ ಯಾವ ತಾಯಿಗೆ ಧೈರ್ಯ ಬರುತ್ತೆ? 2022ರಲ್ಲಿ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳು ಎಲ್ಲರ ಫೋನಲ್ಲೂ ಓಡಾಡಿವೆ. ಆಮೇಲೆ ಬ್ಯಾಟರಿ ನಿಯಮ ಬಿಗಿ ಮಾಡಿದರು, ನಿಜ. ಆದರೆ ಆ ವಿಚಾರದ ವಿಡಿಯೋ ಯಾರೂ ಫಾರ್ವರ್ಡ್ ಮಾಡಲಿಲ್ಲ. ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ಅಂತ ಇನ್ನೊಬ್ಬರು ಹೇಳ್ತಾರೆ. ಎಲ್ಲರಿಗೂ 200 ಅಲ್ಲ ಸ್ವಾಮಿ. ಹಿಂದಿನ ಸರಾಸರಿ ಬಳಕೆ ಮೇಲೆ ಒಂಚೂರು ಸೇರಿಸಿ ಕೊಡ್ತಾರೆ, ಅದಕ್ಕಿಂತ ಮೇಲೆ ಬಳಸಿದ್ದಕ್ಕೆ ಬಿಲ್ಲು. ಎಸಿ, ಗೀಸರ್ ಇಟ್ಟೋರ ಸರಾಸರಿ ದೊಡ್ಡದು. ಒಂದು ಬಲ್ಬು, ಒಂದು ಫ್ಯಾನಿನ ಮನೆಯ ಸರಾಸರಿ ಎಷ್ಟಿರುತ್ತೆ ನೀವೇ ಹೇಳಿ. ದಿನಕ್ಕೆ ಎರಡು ಮೂರು ಯೂನಿಟ್ ಗಾಡಿಗೆ ಹಾಕಿದರೆ ನಮ್ಮ ಮನೆಗೆ ಬಿಲ್ ಬರುತ್ತೆ. ಬಡವನಾಗಿದ್ದಕ್ಕೆ ಬೀಳೋ ದಂಡ ಅದು.

ಬೆಂಗಳೂರಿಗೆ ಹೋದ ನಮ್ಮ ಹುಡುಗರ ಕಥೆ ಇನ್ನೊಂಥರ. ರಾಜ್ಯದ ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಬಹುಪಾಲು ಬೆಂಗಳೂರಲ್ಲೇ ಇವೆ. ಆದರೂ ಮೂರನೇ ಮಹಡಿ ಶೀಟಿನ ರೂಮು, ಗಾಡಿ ಕೆಳಗೆ ರಸ್ತೇಲಿ. ಜಾತಿ ಗೊತ್ತಾಗದ ಹಾಗೆ ಹೆಂಗೋ ರೂಮು ಹಿಡಿದೋನು ಓನರ್ ಹತ್ತಿರ ಹೋಗಿ ಪ್ಲಗ್ ಪಾಯಿಂಟ್ ಬೇಕು ಅಂತ ಕೇಳ್ತಾನಾ? ಹಂಗಾಗಿ ಡೆಲಿವರಿ ಮಾಡೋರು ವಾರದ ಬಾಡಿಗೆಗೆ ಗಾಡಿ ತಗೋತಾರೆ. ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿ, ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಸಾಲ ಕೊಡುವಾಗ ನೋಡೋ ಸಿಬಿಲ್ ಸ್ಕೋರ್ ಬೇಡ. ಊರಿಂದ ಖಾಲಿ ಕೈಲಿ ಬಂದ ಹುಡುಗನಿಗೆ ಮಾರನೇ ದಿನವೇ ಕೆಲಸ. ಇದು ಉಪಕಾರ ಅಂತಲೇ ಒಪ್ಪುತ್ತೀನಿ. ಆದರೆ ವರ್ಷ ಪೂರ್ತಿ ಬಾಡಿಗೆ ಕಟ್ಟಿದ ಮೇಲೆ ಅವನ ಕೈಲಿ ಒಂದು ನಟ್ಟೂ ಉಳಿಯಲ್ಲ. ಒಂದು ವಾರ ಜ್ವರ ಬಂದು ಮಲಗಿದರೂ ಬಾಡಿಗೆ ನಿಲ್ಲಲ್ಲ. ನಮ್ಮಪ್ಪಂದಿರ ಕಾಲದಲ್ಲಿ "ಉಳುವವನೇ ಹೊಲದೊಡೆಯ" ಅಂತ ಕೂಗಿದರು, 1974ರ ಭೂಸುಧಾರಣೆ ಬಂತು. ಗೇಣಿ ದಾಖಲೆ ಇದ್ದೋರಿಗೆ ಭೂಮಿ ಸಿಕ್ತು, ಕೂಲಿಗಿದ್ದ ನಮಗೆ ಹೆಚ್ಚು ಕಡೆ ಸಿಗಲಿಲ್ಲ. ಈಗ "ಓಡಿಸುವವನೇ ಗಾಡಿಯೊಡೆಯ" ಅಂತ ಕೂಗೋಕೆ ಯಾರಿದ್ದೀರಿ?

ಸಬ್ಸಿಡಿ ನೋಡಿ. 2021ರಿಂದ 2023ರ ಮೇ ತನಕ ಕೇಂದ್ರದ ಫೇಮ್ ಯೋಜನೆಯಲ್ಲಿ ಗಾಡಿ ಬೆಲೆಯ ಶೇ 40ರ ತನಕ ರಿಯಾಯಿತಿ ಇತ್ತು. ಆಗ ಕೊಂಡೋರು ಯಾರು? ಸ್ವಂತ ಮನೆ, ಸ್ವಂತ ಪಾರ್ಕಿಂಗ್, ಮನೇಲಿ ಆಗಲೇ ಒಂದು ಕಾರು ಇದ್ದೋರು. ಜೂನ್‌ನಲ್ಲಿ ಅದನ್ನ ಶೇ 15ಕ್ಕೆ ಇಳಿಸಿದರು. ಆಮೇಲೆ ಬಂದ ಪಿಎಂ ಇ-ಡ್ರೈವ್‌ನಲ್ಲಿ ಗಾಡಿಗೆ ಹೆಚ್ಚೆಂದರೆ 10 ಸಾವಿರ, ಮರುವರ್ಷ 5 ಸಾವಿರ. ನಮ್ಮ ಹುಡುಗ ತಗೊಳ್ಳೋಣ ಅಂತ ಯೋಚನೆ ಮಾಡೋ ಹೊತ್ತಿಗೆ ಎಲೆ ಎತ್ತಿಬಿಟ್ಟಿದ್ದಾರೆ.

ಮೆಕ್ಯಾನಿಕ್ ವಿಚಾರ ಬಿಟ್ಟರೆ ತಪ್ಪಾಗುತ್ತೆ. ಸ್ಪ್ಲೆಂಡರ್ ಕೆಟ್ಟರೆ ನಮ್ಮ ಸರ್ಕಲ್‌ನ ಸಾಬ್ರ ಹುಡುಗ ಒಂದು ಸ್ಪ್ಯಾನರ್, ಒಂದು ತಂತಿ ಇಟ್ಕೊಂಡು ಓಡೋ ಹಂಗೆ ಮಾಡ್ತಾನೆ, ದುಡ್ಡು ಸಂಬಳ ಆದ ಮೇಲೆ. ಎಲೆಕ್ಟ್ರಿಕ್ ಕೆಟ್ಟರೆ ಕಂಪನಿ ಲ್ಯಾಪ್‌ಟಾಪ್ ಬರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ರಿಪೇರಿಗೆ ಅಲೆದು ಅಲೆದು ಸಾಕಾದ ಗ್ರಾಹಕನೊಬ್ಬ ಶೋರೂಮಿಗೇ ಬೆಂಕಿ ಹಚ್ಚಿದ. ಅವನು ಮಾಡಿದ್ದು ತಪ್ಪೇ. ಆದರೆ ಗಾಡಿ ಒಂದು ದಿನ ನಿಂತರೆ ಆ ದಿನದ ಕೂಲಿ ಹೋಗೋ ಮನುಷ್ಯನಿಗೆ "ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ" ಅನ್ನೋ ಮಾತು ಹೆಂಗೆ ಕೇಳಿಸುತ್ತೆ ಅಂತ ಆ ಸಭೆಯ ಗೆಳೆಯರು ಒಮ್ಮೆ ಊಹಿಸಲಿ.

ಇನ್ನೊಂದು ಕಾರಣ ಇದೆ. ಹೇಳಿದರೆ ನೀವು ನಗಬಹುದು. ಸದ್ದು. "ಸದ್ದೇ ಬರಲ್ಲ ಅಣ್ಣಾ, ಹೋಗಿದ್ದೇ ಗೊತ್ತಾಗಲ್ಲ" ಅಂತಾರೆ ಹುಡುಗರು. ನಮ್ಮ ತಾತ ಊರಬೀದಿ ಬಂದ ಕೂಡಲೇ ಸೈಕಲ್ ಇಳಿದು, ಚಪ್ಪಲಿ ಕೈಲಿ ಹಿಡ್ಕೊಂಡು, ತಳ್ಕೊಂಡು ಹೋಗ್ತಿದ್ದ. ಅದೇ ಬೀದೀಲಿ ಮೊಮ್ಮಗ ಗಾಡಿ ರೇಸ್ ಮಾಡ್ಕೊಂಡು ಹೋಗೋದರಲ್ಲಿ ಏನಿದೆ ಅಂತ ಇನ್ನೊಬ್ಬರಿಗೆ ಅರ್ಥ ಆಗಲ್ಲ. ಬುಲೆಟ್ ಓಡಿಸಿದ ಅಂತ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಕೈಗಳ ಮೇಲೆ ಹಲ್ಲೆಯಾದ ದೂರು ದಾಖಲಾಗಿದ್ದು 2025ರಲ್ಲಿ, ನೂರು ವರ್ಷದ ಹಿಂದೆ ಅಲ್ಲ. ಹಾಗಂತ ಸೈಲೆನ್ಸರ್ ಕಿತ್ತು ರಾತ್ರಿ ಹನ್ನೊಂದಕ್ಕೆ ಕೇರೀಲೇ ಸದ್ದು ಮಾಡೋ ನಮ್ಮ ಹೀರೋಗಳನ್ನ ನಾನು ಸಮರ್ಥಿಸ್ತಿಲ್ಲ, ಅವರಿಗೆ ಬೇರೆ ಪೋಸ್ಟ್ ಇದೆ! ಅಂಗನವಾಡಿಗೆ ಹೋಗೋ ನನ್ನ ತಂಗಿ ಮಾತ್ರ ಎಲೆಕ್ಟ್ರಿಕ್ಕೇ ಬೇಕು ಅಂತಾಳೆ. ಗೇರಿಲ್ಲ, ಕಿಕ್ಕಿಲ್ಲ, ಬಂಕಿನಲ್ಲಿ ಗಂಡಸರ ಮಧ್ಯೆ ನಿಲ್ಲೋದಿಲ್ಲ. ಸದ್ದಿನ ಹುಚ್ಚು ಗಂಡುಮಕ್ಕಳಿಗೆ ಮಾತ್ರ ಅನ್ನಿಸುತ್ತೆ.

1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ ಮಸೂರು ರೈಲು ನಿಲ್ದಾಣದಲ್ಲಿ ಇಳಿದಾಗ ಸ್ಟೇಷನ್ ಮಾಸ್ಟರ್ ಕೇಳಿದ್ದೂ ಇದೇ ಪ್ರಶ್ನೆ, ನೀವು ಯಾರ ಪೈಕಿ ಅಂತ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಮಕ್ಕಳೇ ಎತ್ತು ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂತ. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸಗಾಂವ್‌ನಲ್ಲಿ ಟಾಂಗಾದವರು ಬಾಬಾಸಾಹೇಬರನ್ನ ಕೂರಿಸಿಕೊಳ್ಳಲಿಲ್ಲ. ಓಡಿಸೋಕೆ ಬರದ ನಮ್ಮವರೊಬ್ಬರು ಓಡಿಸಿ, ಮೋರಿ ಹತ್ತಿರ ಟಾಂಗಾದಿಂದ ಬಿದ್ದು ಬಾಬಾಸಾಹೇಬರ ಕಾಲು ಮುರೀತು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಯಾರನ್ನೂ ಬೇಡದೆ ಹೊರಟು, ಯಾರನ್ನೂ ಬೇಡದೆ ಮನೆ ಸೇರೋದು ನಮಗೆ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಅದನ್ನ ಓದಿ.

ನಮ್ಮ ಜನ ಎಲೆಕ್ಟ್ರಿಕ್ ಬೇಡ ಅಂತ ಕೂತಿಲ್ಲ. ದಾರಿ ಮಧ್ಯೆ ಮತ್ತೊಬ್ಬನ ಬಾಗಿಲಲ್ಲಿ ನಿಲ್ಲೋದು ಬೇಡ ಅಂತಿದ್ದಾರೆ. ಪ್ರತಿ ಕೇರಿಯಲ್ಲೂ ಸಮಾಜ ಕಲ್ಯಾಣ ಇಲಾಖೆ ಕಟ್ಟಿಸಿ ಬೀಗ ಹಾಕಿದ ಅಂಬೇಡ್ಕರ್ ಭವನ ಇದೆಯಲ್ಲ? ಅದರ ಗೋಡೆಗೆ ನಾಲ್ಕು ಪ್ಲಗ್ ಪಾಯಿಂಟು, ಸರಿಯಾದ ಅರ್ತಿಂಗು, ಬೇರೆ ಮೀಟರು ಹಾಕಲಿ. ಊರವರು ಬಂದರೂ ಹಾಕ್ಕೊಳ್ಳಲಿ, ನಾವು ಯಾವೂರು ಅಂತ ಕೇಳಲ್ಲ. ಟ್ಯಾಕ್ಸಿ, ಗೂಡ್ಸ್ ಗಾಡಿಗೆ ಸ್ವಾವಲಂಬಿ ಸಾರಥಿಯಲ್ಲಿ ಸಹಾಯಧನ ಕೊಡೋ ಸರ್ಕಾರ ಡೆಲಿವರಿ ಹುಡುಗನ ಸ್ವಂತ ಎಲೆಕ್ಟ್ರಿಕ್ ಗಾಡಿಗೂ ಕೊಡಲಿ. ಮತ್ತೆ, ದಯವಿಟ್ಟು, ಪ್ಲಗ್ ಪಾಯಿಂಟಿನ ದುಡ್ಡನ್ನ ಎಸ್‌ಸಿಎಸ್‌ಪಿ–ಟಿಎಸ್‌ಪಿಯಿಂದ ತೆಗೀಬೇಡಿ. 2023ರಲ್ಲಿ 7ಡಿ ತೆಗೆದಾಗ ಖುಷಿಪಟ್ಟಿದ್ವಿ, ಆಮೇಲೆ ಗ್ಯಾರಂಟಿಗಳಿಗೆ ಆ ದುಡ್ಡು ಹೋದದ್ದನ್ನೂ ನೋಡಿದ್ವಿ. ಇಂಧನ ಇಲಾಖೆ ಇದೆ, ಎಸ್ಕಾಂಗಳಿವೆ, ಅವರ ಜೇಬಿಂದ ಬರಲಿ.

ನಮ್ಮ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀವಿ. ಇಂಥ ಅರ್ಜಿ ಇದೇ ಮೊದಲು ಅಂತ ಪಿಡಿಒ ತಲೆ ಕೆರ್ಕೊಂಡರು, ಆದರೆ ಸೀಲ್ ಹಾಕಿ ಪ್ರತಿ ಕೊಟ್ಟಿದ್ದಾರೆ. ಅರ್ಜಿ ನಮೂನೆ ಬೇಕಾದೋರು ಕಾಮೆಂಟಲ್ಲಿ ಕೇಳಿ, ಕಳಿಸ್ತೀನಿ. ಮುಂದಿನ ಗ್ರಾಮಸಭೆಗೆ ನಿಮ್ಮ ನಿಮ್ಮ ಊರಲ್ಲೂ ಕೊಡಿ. ನಾನು ಸಭೆಗೆ ಸ್ಪ್ಲೆಂಡರ್‌ನಲ್ಲೇ ಹೋಗ್ತೀನಿ, ಸದ್ಯಕ್ಕೆ.

ಜೈ ಭೀಮ್.