ಸಿಸ್ಟರ್ ನೀರು ಬೇಡವೆಂದದ್ದೇಕೆ?

ನಾಗಾವಿಯ ಒಂದು ಮನೆಯಲ್ಲಿ ನಡುರಾತ್ರಿ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡಿತು ಎಂದು ಭಾವಿಸಿ. ಮನೆಯವರು 108ಕ್ಕೆ ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಬರುತ್ತದೆ. ಚಾಲಕ ಸ್ಟ್ರೆಚರ್ ಇಳಿಸುವಷ್ಟರಲ್ಲಿ ನರ್ಸ್ ಒಳಗೆ ಬಂದು, ನಾಡಿ ಹಿಡಿದು, ರಕ್ತದೊತ್ತಡ ನೋಡಿ, ಗರ್ಭಿಣಿಗೆ ಧೈರ್ಯ ಹೇಳುತ್ತಾರೆ. ಮನೆಯ ಅಜ್ಜಿ ನಮ್ಮ ಕಡೆಯ ಪದ್ಧತಿಯಂತೆ ತಂಬಿಗೆ ಮುಂದೆ ಹಿಡಿಯುತ್ತಾಳೆ. ‘ತಗೋ ತಂಗಿ, ಒಂದ್ ಗುಟಕ ನೀರ ಕುಡಿ.’ ಸಿಸ್ಟರ್ ನಕ್ಕು, ‘ಬ್ಯಾಡ್ರೀ ಅವ್ವಾರ, ಈಗ ಕುಡದೇನ್ರಿ’ ಎನ್ನುತ್ತಾರೆ.

ನಿಜವಾಗಿ ಅವರು ನೀರು ಕುಡಿದು ಐದಾರು ತಾಸು ಆಗಿರಬಹುದು. ಬಾಯಾರಿಕೆಯೂ ಇದೆ. ಆದರೂ ಬೇಡವೆನ್ನುವುದು ಸಂಕೋಚಕ್ಕಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಹೋಗುವುದೆಲ್ಲಿಗೆ? ಈ ವಾರ ನಿಮ್ಮ ಮುಂದಿಡಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಹೆಸರಿನ 108 ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ವಾಹನದಲ್ಲಿ ಇರುವವರು ಇಬ್ಬರೇ: ಒಬ್ಬ ಚಾಲಕ, ಒಬ್ಬ ತುರ್ತು ಚಿಕಿತ್ಸಾ ಸಿಬ್ಬಂದಿ. ಈ ಎರಡನೆಯವರಲ್ಲಿ ನರ್ಸಿಂಗ್ ಕಲಿತ ಹೆಣ್ಣುಮಕ್ಕಳು ಬಹಳ. ಎಷ್ಟೋ ಕಡೆ ಹನ್ನೆರಡು ತಾಸಿನ ಪಾಳಿ. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ವಾಹನ ನಿಲ್ಲುವುದು ಆಸ್ಪತ್ರೆಯ ಅಂಗಳದಲ್ಲೋ ಹೆದ್ದಾರಿಯ ಪಕ್ಕದಲ್ಲೋ. ಆ ವಾಹನವೇ ಅವರಿಗೆ ಕಚೇರಿ, ಊಟದ ಮನೆ, ಮಲಗುವ ಕೋಣೆ. ಎಲ್ಲ ಕಡೆಯೂ ಹೀಗೇ ಎಂದು ಹೇಳುತ್ತಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಕೋಣೆ ಕೊಟ್ಟಿದ್ದಾರೆ. ಕೊಡದಿರುವ ಕಡೆ ಚಾಲಕ ಜಾಲಿಕಂಟಿಯ ಮರೆಗೆ ಹೋಗಿ ಬಂದಾನು. ಸಿಸ್ಟರ್ ಪಾಳಿ ಮುಗಿಯುವವರೆಗೆ ತಡೆದುಕೊಳ್ಳುತ್ತಾರೆ.

ತಡೆದುಕೊಂಡರೆ ಏನಾಗುತ್ತದೆ?

ಮೂತ್ರಕೋಶದಲ್ಲಿ ಸುಮಾರು 300ರಿಂದ 400 ಮಿಲಿಲೀಟರ್ ಮೂತ್ರ ತುಂಬಿದಾಗ ನಮಗೆ ಹೋಗಬೇಕೆನಿಸುತ್ತದೆ. ಆಗ ಹೋದರೆ ಮೂತ್ರದ ಜೊತೆ ಅಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗುತ್ತವೆ. ತಡೆಹಿಡಿದರೆ ಅವು ಅಲ್ಲೇ ಬೆಳೆಯುತ್ತವೆ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದವಾದರೆ ಹೆಂಗಸರದು ಸುಮಾರು 4 ಸೆಂಟಿಮೀಟರ್ ಮಾತ್ರ. ಹೊರಗಿನ ಸೋಂಕು ಮೂತ್ರಕೋಶ ಸೇರಲು ಹೆಚ್ಚು ದೂರ ಕ್ರಮಿಸಬೇಕಾಗಿಲ್ಲ. ನೀರು ಕಡಿಮೆ ಮಾಡಿದರಂತೂ ಮೂತ್ರ ಗಟ್ಟಿಯಾಗಿ ಉರಿ ಶುರುವಾಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಆಗುವ ಸಂಭವವೂ ಹೆಚ್ಚುತ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಉರಿ, ಕಿಬ್ಬೊಟ್ಟೆಯ ನೋವು ಸೋಂಕಿನ ಮೊದಲ ಲಕ್ಷಣಗಳು. ಚಳಿಜ್ವರ ಬಂದು ಸೊಂಟದ ಮೇಲ್ಭಾಗದಲ್ಲಿ ನೋವು ಕಾಣಿಸಿದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ಅನುಮಾನಿಸಬೇಕು. ಸಿಸ್ಟರ್ ಸ್ವತಃ ಗರ್ಭಿಣಿಯಾಗಿದ್ದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವೂ ಉಂಟು. ಇನ್ನು ಮುಟ್ಟಿನ ದಿನಗಳು. ನಾಲ್ಕರಿಂದ ಆರು ತಾಸಿಗೊಮ್ಮೆ ಪ್ಯಾಡ್ ಬದಲಿಸಬೇಕೆಂದು ಊರಿನ ಹುಡುಗಿಯರಿಗೆ ತಿಳಿಹೇಳುವ ನರ್ಸ್, ತಾವು ಮಾತ್ರ ಇಡೀ ಪಾಳಿ ಒಂದರಲ್ಲೇ ಕಳೆಯಬೇಕಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಒಳ್ಳೆಯ ಹೆಜ್ಜೆಯೇ ಸರಿ. ಆದರೆ ಬದಲಿ ನರ್ಸ್ ಇಲ್ಲದಿದ್ದರೆ ಆ ರಜೆಯನ್ನು ಕೇಳಲು ಯಾರಿಗೆ ಧೈರ್ಯ ಬಂದೀತು?

ಚಿಲಕದ ಪ್ರಶ್ನೆ

ಶೌಚಾಲಯ ಇದ್ದರಷ್ಟೇ ಸಾಲದು. ಅದಕ್ಕೆ ದೀಪ ಬೇಕು, ನೀರು ಬೇಕು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕು. ಇದನ್ನು ಸಣ್ಣ ಮಾತು ಎನ್ನುವವರು ಒಂದು ಹೆಸರನ್ನು ನೆನೆಯಬೇಕು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಬಟ್ಟೆ ಬದಲಿಸಲು ಹೋದದ್ದು ಆಸ್ಪತ್ರೆಯ ನೆಲಮಾಳಿಗೆಗೆ. ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅಲ್ಲಿ ಅವರ ಮೇಲೆ ಎರಗಿದ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಅವರು ಹಾಸಿಗೆಯಿಂದ ಏಳಲಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ತರುಣ ವೈದ್ಯೆ ರಾತ್ರಿ ಪಾಳಿಯ ನಡುವೆ ವಿಶ್ರಾಂತಿಗೆಂದು ಹೋದದ್ದು ಸೆಮಿನಾರ್ ಕೋಣೆಗೆ. ಅಲ್ಲೇ ಅತ್ಯಾಚಾರಕ್ಕೆ ಒಳಗಾಗಿ ಕೊಲೆಯಾದರು. ಎರಡು ಘಟನೆಗಳ ನಡುವೆ ಅರ್ಧ ಶತಮಾನ ಕಳೆದಿದೆ. ಸುರಕ್ಷಿತ ಕೋಣೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಇಂಥ ಸುದ್ದಿ ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತವರು ಹೇಳುವ ಮಾತೊಂದಿದೆ: ‘ಹೆಣ್ಮಕ್ಕಳಿಗೆ ರಾತ್ರಿ ಪಾಳಿ ಯಾಕ ಬೇಕು?’ ಅಕ್ಕರೆಯಿಂದಲೇ ಹೇಳುತ್ತಾರೆ, ಆದರೆ ಅದು ತಪ್ಪು. ಕೋಲ್ಕತ್ತದ ಘಟನೆಯ ಬಳಿಕ ಪಶ್ಚಿಮ ಬಂಗಾಳ ಸರ್ಕಾರ ಸಾಧ್ಯವಾದಲ್ಲೆಲ್ಲ ಮಹಿಳೆಯರಿಗೆ ರಾತ್ರಿ ಪಾಳಿ ತಪ್ಪಿಸಬೇಕೆಂದು ಸೂಚಿಸಿದಾಗ, ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಆಕ್ಷೇಪಿಸಿತು. ರಕ್ಷಣೆ ಕೊಡುವುದು ಸರ್ಕಾರದ ಹೊಣೆ, ಅದಕ್ಕಾಗಿ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ನಿಲುವು. ನೀವೇ ಯೋಚಿಸಿ. ನಾಗಾವಿಯ ಆ ಸೊಸೆಗೆ ಗದುಗಿನ ದಾರಿಯಲ್ಲೇ ಹೆರಿಗೆಯಾದರೆ ಬಳಿಯಲ್ಲಿ ಯಾರಿರಬೇಕೆಂದು ಆಕೆ ಬಯಸಿಯಾಳು? ಹೆರಿಗೆಯ ನೋವು ಹಗಲು ನೋಡಿಕೊಂಡು ಬರುವುದಿಲ್ಲ. ರಾತ್ರಿಯಿಂದ ನರ್ಸ್‌ಗಳನ್ನು ತೆಗೆದರೆ ಅದರ ಕಷ್ಟ ಬೀಳುವುದು ಇನ್ನೊಬ್ಬ ಹೆಣ್ಣಿನ ಮೇಲೆಯೇ.

ಕಾನೂನು ಹೇಳುವುದೇನು?

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗದಾತರು ಒದಗಿಸಿದ ವಾಹನವೂ ‘ಕೆಲಸದ ಸ್ಥಳ’ವೇ. ಗುತ್ತಿಗೆಯ ಮೇಲಿರುವವರೂ ಇದರ ರಕ್ಷಣೆಗೆ ಒಳಪಡುತ್ತಾರೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಚಿಕ್ಕ ಕಚೇರಿಗಳವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಮೈಮುಟ್ಟಿದರಷ್ಟೇ ಕಿರುಕುಳವಲ್ಲ, ಅಶ್ಲೀಲ ಮಾತೂ ಸನ್ನೆಯೂ ಕಿರುಕುಳವೇ. ಇನ್ನು ರೋಗಿಯ ಕಡೆಯವರು ಸಿಬ್ಬಂದಿಯ ಮೇಲೆ ಕೈಮಾಡಿದರೆ ಅದನ್ನು ಶಿಕ್ಷಿಸಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ.

ನೀವು ಏನು ಮಾಡಬಹುದು?

ಕಾನೂನು ಕಾಗದದ ಮೇಲಿದ್ದರೆ ಸಾಲದು, ಊರೂ ಮನಸ್ಸು ಮಾಡಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಇಲ್ಲವೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮಲ್ಲಿ ಆಂಬುಲೆನ್ಸ್ ನಿಲ್ಲುವ ಕಡೆ ಹೆಣ್ಣುಮಕ್ಕಳಿಗೆ ಚಿಲಕವಿರುವ ಶೌಚಾಲಯ, ಕಾಲು ಚಾಚಲು ಒಂದು ಕೋಣೆ ಇದೆಯೇ? ರಾತ್ರಿ ಅದರ ಬೀಗದ ಕೈ ಯಾರ ಬಳಿ ಇರುತ್ತದೆ? ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವುದು ನಾಗಾವಿಯಲ್ಲೇ. ಅಲ್ಲಿನ ವಿದ್ಯಾರ್ಥಿಗಳು ಜಿಲ್ಲೆಯ ಆಂಬುಲೆನ್ಸ್ ನಿಲ್ದಾಣಗಳನ್ನೆಲ್ಲ ಸುತ್ತಿ ಈ ಲೆಕ್ಕ ತೆಗೆದರೆ ಎಷ್ಟು ಚೆನ್ನ!

ಸ್ಟ್ರೆಚರ್ ಎತ್ತುವಾಗ ‘ಈ ತಂಗಿ ಕೈಲೆ ಏನ ಆಕ್ಕೈತಿ’ ಎಂದು ನಗುವ ಬದಲು ಒಂದು ಕೈ ಕೊಡಿ. ಭಾರ ಎತ್ತುವುದು ಗಂಡಸಿನ ಬೆನ್ನಿಗೂ ಕಷ್ಟವೇ.

ಸಿಸ್ಟರ್‌ಗಳಿಗೂ ಎರಡು ಮಾತು. ನೀರು ಬಿಡಬೇಡಿ. ಮೂರು ನಾಲ್ಕು ತಾಸಿಗೊಮ್ಮೆಯಾದರೂ ಮೂತ್ರಕ್ಕೆ ಹೋಗಿ, ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಅಲ್ಲಿನ ಶೌಚಾಲಯ ಬಳಸಿಯೇ ಹೊರಡಿ. ಉರಿ, ಜ್ವರ ಇದ್ದರೆ ಅಂಗಡಿಯ ಮಾತ್ರೆ ನುಂಗದೆ ಮೂತ್ರ ಪರೀಕ್ಷೆ ಮಾಡಿಸಿ. ಕಿರುಕುಳ ಕೊಟ್ಟ ದಿನ, ವೇಳೆ, ಮಾತನ್ನು ಒಂದು ವಹಿಯಲ್ಲಿ ಬರೆದಿಡಿ.

ಮುಂದಿನ ಸಲ 108 ನಿಮ್ಮ ಬಾಗಿಲಿಗೆ ಬಂದಾಗ ಅಜ್ಜಿ ತಂಬಿಗೆ ಕೊಡಲಿ, ಜೊತೆಗೆ ಇಷ್ಟು ಹೇಳಲಿ: ‘ಕುಡಿ ತಂಗಿ. ಬಚ್ಚಲ ಅಲ್ಲೈತಿ, ಒಳಗ ಚಿಲಕ ಐತಿ.’ ಆಗ ಸಿಸ್ಟರ್ ನೀರು ಬೇಡವೆನ್ನಲಾರರು.